ಮುಟ್ಟು ನಿಂತ ಮೇಲಿನ ಹಾರ್ಮೋನು ಚಿಕಿತ್ಸೆ: ಪರ್ಸಿನಲ್ಲೇ ಉಳಿದ ಚೀಟಿಯ ಬಗ್ಗೆ ಸಲಹೆ ಬೇಕು

ಹಾಸನದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಕಡೆಯ ಸಲ ಮುಟ್ಟಾಗಿ ಹದಿನಾಲ್ಕು ತಿಂಗಳು ಕಳೆದಿವೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿರುವಾಗಲೇ ಎದೆಯಿಂದ ಎದ್ದ ಝಳ ಕುತ್ತಿಗೆ, ಕೆನ್ನೆ, ನೆತ್ತಿಯವರೆಗೆ ಏರಿ, ಎರಡು ಮೂರು ನಿಮಿಷಗಳಲ್ಲಿ ರವಿಕೆಯ ಬೆನ್ನೆಲ್ಲ ಒದ್ದೆಯಾಗಿ, ಆಮೇಲೆ ಚಳಿಯಿಂದ ಮೈ ನಡುಗುತ್ತದೆ. ಹಗಲಿನಲ್ಲಿ ಎಂಟು ಹತ್ತು ಸಲ ಹೀಗಾಗುತ್ತದೆ. ರಾತ್ರಿ ಮೂರು ಸಲವಾದರೂ ಎದ್ದು ಕುಳಿತುಕೊಳ್ಳುತ್ತೇನೆ. ನಿದ್ದೆಗೆಟ್ಟ ಸಿಟ್ಟನ್ನು ಮರುದಿನ ಏನೂ ಅರಿಯದ ಒಂಬತ್ತನೆಯ ತರಗತಿಯ ಮಕ್ಕಳ ಮೇಲೆ ಕಾರಿಕೊಳ್ಳುತ್ತಿದ್ದೇನೆ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಸ್ತ್ರೀರೋಗ ತಜ್ಞೆಯೊಬ್ಬರು ತೋಳಿಗೆ ಹಚ್ಚಿಕೊಳ್ಳುವ ಈಸ್ಟ್ರೊಜೆನ್ ಜೆಲ್ ಮತ್ತು ರಾತ್ರಿ ಮಲಗುವಾಗ ನುಂಗುವ ಪ್ರೊಜೆಸ್ಟರಾನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಆ ಚೀಟಿ ಮೂರು ವಾರಗಳಿಂದ ನನ್ನ ಪರ್ಸಿನಲ್ಲೇ ಇದೆ. ನನ್ನ ಅಕ್ಕ, "ಅದು ಕ್ಯಾನ್ಸರ್ ತರುವ ಔಷಧಿ, ಮುಟ್ಟಬೇಡ" ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ವೈದ್ಯರು ಸರಿಯೋ, ಅಕ್ಕ ಸರಿಯೋ? ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ನಿಮ್ಮ ಅಕ್ಕನವರ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಅವರು ಕಟ್ಟಿದ ಕಥೆಯಲ್ಲ.

ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮಾತ್ರೆ 1942ರಿಂದಲೇ ಅಮೆರಿಕದ ಮಾರುಕಟ್ಟೆಯಲ್ಲಿತ್ತು. ಈಸ್ಟ್ರೊಜೆನ್ನನ್ನು ಒಂಟಿಯಾಗಿ ಕೊಟ್ಟರೆ ಗರ್ಭಕೋಶದ ಒಳಪದರ ಬೆಳೆಯುತ್ತ ಹೋಗಿ ಅಲ್ಲಿ ಕ್ಯಾನ್ಸರ್ ಆಗುವ ಸಂಭವ ಹೆಚ್ಚುತ್ತದೆ ಎಂಬುದು 1975ರಲ್ಲಿ ಸ್ಪಷ್ಟವಾಯಿತು. ಅಂದಿನಿಂದ, ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಕೊಡುವುದು ನಿಯಮವಾಯಿತು. ನಿಮ್ಮ ಚೀಟಿಯಲ್ಲಿ ಎರಡು ಔಷಧಗಳಿರುವುದು ಈ ಕಾರಣಕ್ಕೆ. ಒಂದನ್ನು ಹಚ್ಚಿಕೊಂಡು ಇನ್ನೊಂದನ್ನು ಬಿಡುವ ಆಯ್ಕೆ ನಿಮಗಿಲ್ಲ.

ಆಮೇಲೆ ಬಂದದ್ದು 2002ರ ಜುಲೈ. ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗದಲ್ಲಿ 16,608 ಹೆಂಗಸರಲ್ಲಿ ಕೆಲವರಿಗೆ ಎರಡೂ ಹಾರ್ಮೋನು ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸಲಾಗುತ್ತಿತ್ತು. ಸರಾಸರಿ 5.2 ವರ್ಷಗಳ ಹೊತ್ತಿಗೆ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವುದು ಮಾತ್ರೆ ನುಂಗಿದವರಲ್ಲಿ ಹೆಚ್ಚಾಗಿ ಕಂಡದ್ದರಿಂದ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. "ಸ್ತನ ಕ್ಯಾನ್ಸರ್ ಶೇಕಡ 26 ಹೆಚ್ಚು" ಎಂಬ ಸಾಲು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆಗ ನಾನು ಸೇವೆಯಲ್ಲಿದ್ದೆ. ಒಂದು ತಿಂಗಳೊಳಗೆ ನನ್ನ ಬಳಿ ಈ ಚಿಕಿತ್ಸೆ ಪಡೆಯುತ್ತಿದ್ದ ಬಹುತೇಕರು ತಾವಾಗಿಯೇ ನಿಲ್ಲಿಸಿದರು, ಹೊಸಬರಿಗೆ ಬರೆಯಲು ನನಗೂ ಕೈ ಬರಲಿಲ್ಲ. ಅಂದು ಕಲಿಯುತ್ತಿದ್ದ ಕಿರಿಯ ವೈದ್ಯರಿಗೆ ಈ ಚಿಕಿತ್ಸೆ ಅಂದರೆ ಅಂಜಿಕೆಯ ಪಾಠವಷ್ಟೇ ಆಗಿ ಉಳಿಯಿತು.

ಆದರೆ ಆ ಅಧ್ಯಯನದಲ್ಲಿದ್ದವರ ವಯಸ್ಸು 50ರಿಂದ 79, ಸರಾಸರಿ 63. ಮೂರರಲ್ಲಿ ಎರಡು ಪಾಲು ಅರವತ್ತು ದಾಟಿದವರು. ಅಧ್ಯಯನದ ಮುಖ್ಯ ಪ್ರಶ್ನೆ ಝಳ, ಬೆವರಿನದಾಗಿರಲಿಲ್ಲ. ವಯಸ್ಸಾದವರಲ್ಲಿ ಹೃದಯರೋಗ ಮುಂತಾದವನ್ನು ಹಾರ್ಮೋನು ತಡೆಯಬಲ್ಲದೇ ಎಂಬುದಾಗಿತ್ತು. ಆ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಸಿಕ್ಕಿತು, ಅದು ಇಂದಿಗೂ ಸರಿಯಾದ ಉತ್ತರವೇ. ಅರವತ್ತಮೂರರವರಿಗೆ ಸಿಕ್ಕ ಆ ಉತ್ತರವನ್ನು ನಲವತ್ತೊಂಬತ್ತರ ನಿಮಗೆ ಹಾಗೆಯೇ ಹೊರಿಸಿದ್ದು ತಪ್ಪಾಯಿತು.

ಹಾಸನದ ಶಿಕ್ಷಕಿ

ಡಾಕ್ಟರಮ್ಮ, ಧನ್ಯವಾದಗಳು. ಶೇಕಡ 26 ಎಂದರೆ ಎಷ್ಟರ ಮೇಲೆ ಶೇಕಡ 26? ನನ್ನ ವಿದ್ಯಾರ್ಥಿಗಳು ಮೂಲ ಸಂಖ್ಯೆ ಬರೆಯದೆ ಶೇಕಡಾವಾರು ಬರೆದರೆ ನಾನು ಅಂಕ ಕೊಡುವುದಿಲ್ಲ.

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ಅಂದು ಪತ್ರಿಕೆಗಳು ಕೇಳದೇ ಬಿಟ್ಟ ಪ್ರಶ್ನೆ ಇದು. ಹುಸಿ ಮಾತ್ರೆ ನುಂಗಿದ ಹತ್ತು ಸಾವಿರ ಹೆಂಗಸರಲ್ಲಿ ಒಂದು ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಕಂಡರೆ, ಹಾರ್ಮೋನು ನುಂಗಿದ ಹತ್ತು ಸಾವಿರದಲ್ಲಿ 38 ಜನರಿಗೆ ಕಂಡಿತು. ಹೆಚ್ಚುವರಿ ಎಂಟು. ಹಾಗೆಯೇ ಪಾರ್ಶ್ವವಾಯು ಎಂಟು ಹೆಚ್ಚು, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಎಂಟು ಹೆಚ್ಚು, ಹೃದಯದ ತೊಂದರೆ ಏಳು ಹೆಚ್ಚು. ಸೊಂಟದ ಮೂಳೆ ಮುರಿತ ಐದು ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆ.

ಇದನ್ನು ಕೇಳಿ "ಹಾಗಾದರೆ ಏನೂ ಇಲ್ಲ" ಎಂದು ಹಗುರಾಗಬೇಡಿ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ ಇನ್ನಷ್ಟು ಗಂಭೀರವಾಗಿದೆ. ಐವತ್ತನೆಯ ವಯಸ್ಸಿನಿಂದ ಐದು ವರ್ಷ ಎರಡೂ ಹಾರ್ಮೋನುಗಳನ್ನು ದಿನವೂ ತೆಗೆದುಕೊಂಡರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 50 ಜನರಿಗೆ ಒಬ್ಬರಂತೆ ಹೆಚ್ಚುವರಿ ಸ್ತನ ಕ್ಯಾನ್ಸರ್ ಆಗುತ್ತದೆ. ಈಸ್ಟ್ರೊಜೆನ್ ಮಾತ್ರವಾದರೆ ಸುಮಾರು 200 ಜನರಿಗೆ ಒಬ್ಬರು. ಈ ಲೆಕ್ಕ ಸ್ತನ ಕ್ಯಾನ್ಸರ್ ನಮಗಿಂತ ಹೆಚ್ಚಾಗಿರುವ ಪಾಶ್ಚಾತ್ಯ ದೇಶಗಳದು ಎಂಬುದೂ ನೆನಪಿರಲಿ. ಅದೇ ಅಮೆರಿಕದ ಅಧ್ಯಯನದಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದ 10,739 ಹೆಂಗಸರ ಇನ್ನೊಂದು ಭಾಗವಿತ್ತು. ಅಲ್ಲಿ ಈಸ್ಟ್ರೊಜೆನ್ನನ್ನು ಒಂಟಿಯಾಗಿ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ದೀರ್ಘಕಾಲದ ಲೆಕ್ಕದಲ್ಲಿ ಕಡಿಮೆಯೇ ಆಯಿತು. ಎರಡು ಕಡೆಯ ಲೆಕ್ಕಗಳು ಹೊಂದುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಆ ಅಮೆರಿಕದ ಅಧ್ಯಯನದ ಎರಡೂ ಭಾಗದವರನ್ನು ಹದಿನೆಂಟು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದಾಗ, ಹಾರ್ಮೋನು ಪಡೆದವರಲ್ಲಿ ಒಟ್ಟು ಸಾವಿನ ಪ್ರಮಾಣ ಹೆಚ್ಚಿರಲಿಲ್ಲ.

ನಿಮಗೆ ಬರೆದಿರುವುದು ಅಂದಿನ ಮಾತ್ರೆಯಲ್ಲ. ಜೆಲ್ಲಿನಲ್ಲಿರುವುದು ಅಂಡಾಶಯವೇ ತಯಾರಿಸುವ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೊಜೆನ್. ನುಂಗಿದ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಕಂಡುಬಂದಿಲ್ಲ. ಪ್ರೊಜೆಸ್ಟರಾನಿನ ಬಗೆಯೂ ಬೇರೆ. ಈಗಿನದು ಸ್ತನದ ಮಟ್ಟಿಗೆ ಹಳೆಯದಕ್ಕಿಂತ ಸೌಮ್ಯ ಎಂದು ಫ್ರಾನ್ಸಿನ ಅಧ್ಯಯನಗಳು ಸೂಚಿಸಿವೆ, ಆದರೆ ಅವು ಔಷಧ ಪಡೆಯುತ್ತಿದ್ದವರನ್ನು ಗಮನಿಸಿ ಬರೆದವೇ ಹೊರತು ಹುಸಿ ಮಾತ್ರೆಯೊಡನೆ ಹೋಲಿಸಿದ ಪ್ರಯೋಗಗಳಲ್ಲ.

ಶಿರಸಿ ಕಡೆಯ ಗೃಹಿಣಿ

ನನಗೆ 63. ನನಗೂ ಝಳ ಬಂತು, ಎರಡು ವರ್ಷ ಇತ್ತು, ಹೋಯಿತು. ನಮ್ಮ ಅಮ್ಮ, ಅಜ್ಜಿ ಯಾವ ಜೆಲ್ಲನ್ನೂ ಹಚ್ಚಿಕೊಂಡವರಲ್ಲ. ಪ್ರಕೃತಿ ನಿಲ್ಲಿಸಿದ್ದನ್ನು ನಾವು ಮತ್ತೆ ಕೊಡುವುದು ಏಕೆ? ಮಜ್ಜಿಗೆ, ಎಳನೀರು, ಶತಾವರಿ ಸಾಲದೇ?

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ನಿಮಗೆ ಸಾಕಾಗಿದ್ದರೆ ಅದು ನಿಜಕ್ಕೂ ಸಾಕು. ಮುಟ್ಟು ನಿಂತವರಿಗೆಲ್ಲ ಹಾರ್ಮೋನು ಕೊಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲರಿಗೂ ಎರಡೇ ವರ್ಷದಲ್ಲಿ ಮುಗಿಯುವುದಿಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದಲ್ಲಿ, ಪದೇ ಪದೇ ಝಳ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನರಿಗೆ ಅದು 7.4 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಶತಾವರಿ ಮತ್ತು ಸೋಯಾದಿಂದ ಕೆಲವರಿಗೆ ಹಿತವೆನಿಸಬಹುದು, ಆದರೆ ಈಸ್ಟ್ರೊಜೆನ್ ಝಳದ ಸಂಖ್ಯೆಯನ್ನು ಸುಮಾರು ಮುಕ್ಕಾಲು ಪಾಲು ತಗ್ಗಿಸುವಂತೆ ಅವು ತಗ್ಗಿಸುತ್ತವೆ ಎನ್ನಲು ಗಟ್ಟಿಯಾದ ಆಧಾರವಿಲ್ಲ.

ಅಜ್ಜಿಯರ ಮಾತಿಗೆ ಒಂದು ಮಾತು. ಅವರು ಒಲೆಯ ಮುಂದೆ ಬೆವರಿದರೆ ಅದು ಒಲೆಯದೋ ಒಳಗಿನದೋ ಎಂದು ಯಾರೂ ಕೇಳಲಿಲ್ಲ. ನಕ್ಕಾಗ, ಕೆಮ್ಮಿದಾಗ ಮೂತ್ರ ಹನಿಯುವುದು, ಜನನಾಂಗ ಒಣಗಿ ಉರಿಯುವುದು ಇವನ್ನು ಯಾರಿಗೂ ಹೇಳದೆ ಹೋದವರು ಎಷ್ಟೋ ಜನ. ಝಳವಾದರೂ ಕಾಲಕ್ರಮದಲ್ಲಿ ಇಳಿಯುತ್ತದೆ, ಒಣಗುವುದು ಚಿಕಿತ್ಸೆಯಿಲ್ಲದೆ ಇಳಿಯುವುದಿಲ್ಲ. ಅದೊಂದೇ ತೊಂದರೆಯಾದರೆ ಆ ಜಾಗಕ್ಕೆ ಮಾತ್ರ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮು ಸಾಕು. ಅದು ರಕ್ತಕ್ಕೆ ಸೇರುವುದು ತೀರ ಅಲ್ಪ.

ಕಲಬುರಗಿ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ

ನಿಮ್ಮ ಚರ್ಚೆಯನ್ನು ಎರಡು ದಿನಗಳಿಂದ ಓದುತ್ತಿದ್ದೇನೆ. ನನಗೆ 41 ವರ್ಷ. 33ನೆಯ ವಯಸ್ಸಿನಲ್ಲಿ ಬಿಳಿಸೆರಗು ಮತ್ತು ಕಿಬ್ಬೊಟ್ಟೆ ನೋವೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋದಾಗ, ಅದೇ ದಿನ ಸ್ಕ್ಯಾನಿಂಗ್ ಮಾಡಿಸಿ, "ಗರ್ಭಚೀಲ ತೆಗೆಸದಿದ್ದರೆ ಮುಂದೆ ಕ್ಯಾನ್ಸರ್ ಆಗುತ್ತದೆ" ಎಂದರು. ಸಾಲ ಮಾಡಿ ತೆಗೆಸಿದೆವು. ಆ ಮಾತಿನಿಂದಲೇ ತೆಗೆಸಿಕೊಂಡವರು ನಮ್ಮ ತಾಂಡಾದಲ್ಲಿ ಇನ್ನೂ ಇದ್ದಾರೆ. ಆಪರೇಷನ್ ಆದ ಮೂರನೆಯ ವಾರದಿಂದ ನನಗೆ ಅಂಗಾಲು ಉರಿ, ಝಳ, ಎದೆಬಡಿತ ಶುರುವಾದವು. ಕೇಳಿದಾಗ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಹೋದ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ ಎಂದರು. ಹಾರ್ಮೋನು ಕೊಡಬಹುದೇ ಎಂದು ಬೇರೊಬ್ಬ ವೈದ್ಯರನ್ನು ಕೇಳಿದ್ದಕ್ಕೆ, "ಬೇಡ, ಕ್ಯಾನ್ಸರ್ ಆಗುತ್ತದೆ" ಎಂದರು. ಕ್ಯಾನ್ಸರ್ ಆಗುತ್ತದೆ ಎಂದು ಹೇಳಿಯೇ ಗರ್ಭಚೀಲ ತೆಗೆದರು, ಅದೇ ಮಾತು ಹೇಳಿ ಔಷಧಿಯನ್ನೂ ಕೊಡಲಿಲ್ಲ. ಇದರಲ್ಲಿ ಯಾವುದನ್ನು ನಂಬಲಿ?

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ತಂಗಿ, ನಿಮ್ಮ ಮನೆಯಲ್ಲಿ ಆಸ್ಪತ್ರೆಯ ಡಿಸ್‌ಚಾರ್ಜ್ ಕಾರ್ಡು ಇದ್ದರೆ ತೆಗೆದು ನೋಡಿ. ಅದರಲ್ಲಿ ಆಪರೇಷನ್ನಿನ ಹೆಸರಿನ ಮುಂದೆ "ಟಿ.ಎ.ಎಚ್." ಎಂದಷ್ಟೇ ಇದೆಯೋ, ಅದರ ಜೊತೆಗೆ "ಬಿ.ಎಸ್.ಓ." ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ ಇವೆಯೋ ಹೇಳಿ. ಮೊದಲನೆಯದು ಗರ್ಭಕೋಶ ತೆಗೆದದ್ದು. ಎರಡನೆಯದಿದ್ದರೆ ಎರಡೂ ಅಂಡಾಶಯಗಳನ್ನು, ನಾಳಗಳ ಸಮೇತ, ತೆಗೆದಿದ್ದಾರೆ ಎಂದರ್ಥ.

ಕಲಬುರಗಿ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ

ಕಾರ್ಡು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗಿತ್ತು. ಎರಡೂ ಇವೆ. ಇಂದಿನವರೆಗೆ ಆ ಅಕ್ಷರಗಳ ಅರ್ಥ ನನಗೆ ಯಾರೂ ಹೇಳಿರಲಿಲ್ಲ.

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ಓದಿ ಬೇಸರವಾಯಿತು. ಎಲ್ಲರಿಗೂ ತಿಳಿಯಲಿ ಎಂದು ವಿವರವಾಗಿ ಬರೆಯುತ್ತೇನೆ.

ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿದಿದ್ದರೆ ಹಾರ್ಮೋನು ನಿಲ್ಲುವುದಿಲ್ಲ. ಅಂಡಾಶಯವನ್ನೂ ತೆಗೆದರೆ, ಸಹಜವಾಗಿ ಹಲವು ವರ್ಷಗಳಲ್ಲಿ ಇಳಿಯಬೇಕಾದ ಈಸ್ಟ್ರೊಜೆನ್ ಒಂದೆರಡು ದಿನಗಳಲ್ಲಿ ಪಾತಾಳಕ್ಕೆ ಬೀಳುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆಯ ನಂತರದ ಝಳ ಅಷ್ಟು ತೀವ್ರ. ಭಾರತದ ಹೆಂಗಸರಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು 46–47. ಪಾಶ್ಚಾತ್ಯ ದೇಶಗಳಲ್ಲಿ 51. ನಿಮಗೆ 33ಕ್ಕೇ ನಿಂತದ್ದರಿಂದ ಹದಿಮೂರು ಹದಿನಾಲ್ಕು ವರ್ಷಗಳಷ್ಟು ಈಸ್ಟ್ರೊಜೆನ್ ನಿಮ್ಮ ಮೂಳೆಗೂ ಹೃದಯಕ್ಕೂ ಕೊರತೆಯಾಗುತ್ತದೆ. ಇಂಥವರಿಗೆ ಕೊಡುವ ಹಾರ್ಮೋನು ಹೆಚ್ಚುವರಿಯಲ್ಲ, ಈ ವಯಸ್ಸಿನಲ್ಲಿ ದೇಹದಲ್ಲಿ ಇರಲೇಬೇಕಾಗಿದ್ದದ್ದು. ಆದ್ದರಿಂದ ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕೆಂಬುದು ಇಂದು ಎಲ್ಲ ಪ್ರಮುಖ ವೈದ್ಯ ಸಂಘಗಳ ಒಮ್ಮತ. ಅರವತ್ತಮೂರರ ಸರಾಸರಿಯ ಅಮೆರಿಕದ ಅಧ್ಯಯನವನ್ನು ಮೂವತ್ಮೂರಕ್ಕೇ ಅಂಡಾಶಯ ಕಳೆದುಕೊಂಡ ನಿಮಗೆ ತೋರಿಸಿ ಬೇಡವೆಂದದ್ದು ತಿಳಿವಳಿಕೆಯ ಕೊರತೆ.

ಕಲಬುರಗಿಯ ಲಂಬಾಣಿ ತಾಂಡಾಗಳಲ್ಲಿ ನಡೆದ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ 2015ರಲ್ಲಿ ಹೆಂಗಸರೇ ಬೀದಿಗಿಳಿದದ್ದು, ತನಿಖೆಯಾದದ್ದು ಇಲ್ಲಿನ ಹಲವರಿಗೆ ನೆನಪಿರಬಹುದು. ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೊಳಿಸಲು ರಾಜ್ಯಗಳಿಗೆ ನಿರ್ದೇಶಿಸಿತು. ಇನ್ನು ಮುಂದಿನವುಗಳನ್ನು ಅದು ತಡೆದೀತು. ಈಗಾಗಲೇ ಅಂಡಾಶಯ ಕಳೆದುಕೊಂಡವರ ಮೂಳೆಯ ಕಥೆ ಏನಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ.

ಬೆಂಗಳೂರಿನ ಓದುಗ

ನನ್ನ ಪತ್ನಿಗೆ 52 ವರ್ಷ, ಬಿ.ಪಿ. ಮಾತ್ರೆ ನುಂಗುತ್ತಾಳೆ, ತೂಕವೂ ಹೆಚ್ಚು. ಆಕೆಗೆ ಈ ಚಿಕಿತ್ಸೆ ಕೊಡಬಹುದೇ? ಕೊಟ್ಟರೆ ಎಷ್ಟು ವರ್ಷ?

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅದೊಂದೇ ಅಡ್ಡಿಯಲ್ಲ. ಇಂಥವರಿಗೆ ಮಾತ್ರೆಗಿಂತ ಜೆಲ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿ ಲೇಸು. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತವಾಗಿದ್ದವರು, ಯಕೃತ್ತಿನ ಸಕ್ರಿಯ ರೋಗವಿರುವವರು, ಕಾರಣ ಗೊತ್ತಿಲ್ಲದೆ ರಕ್ತಸ್ರಾವವಾಗುತ್ತಿರುವವರು ಸಾಮಾನ್ಯವಾಗಿ ತೆಗೆದುಕೊಳ್ಳಬಾರದು. ಅರವತ್ತರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದರೆ ಲಾಭದ ತಟ್ಟೆ ತೂಗುತ್ತದೆ. ಇಷ್ಟೇ ವರ್ಷ ಎಂಬ ಗಡುವಿಲ್ಲ. ವರ್ಷಕ್ಕೊಮ್ಮೆ ಕುಳಿತು, ಇನ್ನೂ ಬೇಕೇ ಎಂದು ಕೇಳಿಕೊಳ್ಳಬೇಕು.

ಮಂಗಳೂರಿನ ಬ್ಯಾಂಕ್ ಉದ್ಯೋಗಿ

ಕೂಡದವರ ಪಟ್ಟಿಯಲ್ಲಿ ನಾನಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆಯಾಯಿತು, ಈಗ ಅದು ಮರಳದಂತೆ ಸ್ತನದಲ್ಲಿ ಈಸ್ಟ್ರೊಜೆನ್ನಿನ ಕೆಲಸವನ್ನು ತಡೆಯುವ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದೇನೆ. ಆ ಮಾತ್ರೆಯೇ ಝಳವನ್ನು ಹೆಚ್ಚಿಸುತ್ತದೆ. ನನಗೆ ವೆನ್ಲಾಫ್ಯಾಕ್ಸಿನ್ ಎಂಬ, ಖಿನ್ನತೆಗೆ ಬಳಸುವ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಝಳ ಅರ್ಧದಷ್ಟು ತಗ್ಗಿದೆ. ಅದೇ ಉದ್ದೇಶಕ್ಕೆ ಬಳಸುವ ಪ್ಯಾರಾಕ್ಸೆಟಿನ್ ಮಾತ್ರ ಟ್ಯಾಮಾಕ್ಸಿಫೆನ್ನಿನ ಕೆಲಸವನ್ನೇ ಕುಗ್ಗಿಸಬಲ್ಲದು, ಆದ್ದರಿಂದ ನನ್ನಂಥವರು ತಮ್ಮ ಎಲ್ಲ ಮಾತ್ರೆಗಳ ಹೆಸರನ್ನೂ ವೈದ್ಯರಿಗೆ ಹೇಳಬೇಕು. ಮಿದುಳಿನಲ್ಲಿ ಮೈಯ ಬಿಸಿಯನ್ನು ನಿಯಂತ್ರಿಸುವ ನರಕೋಶಗಳ ಮೇಲೆ ನೇರವಾಗಿ ಕೆಲಸ ಮಾಡುವ, ಹಾರ್ಮೋನು ಅಲ್ಲದ ಫೆಜೊಲಿನೆಟಂಟ್ ಎಂಬ ಔಷಧಕ್ಕೆ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟಿದೆ. ಅದನ್ನು ನುಂಗುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಈ ಚರ್ಚೆಯಲ್ಲಿ ಜೆಲ್ಲಿನ ಗುಣಗಾನ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಬರ್ಮಿಂಗ್‌ಹ್ಯಾಮಿನಲ್ಲಿರುವ ಕನ್ನಡತಿ

ಇಲ್ಲಿ ಪರಿಸ್ಥಿತಿ ತಿರುಗುಮುರುಗಾಗಿದೆ. ಟೀವಿಯಲ್ಲಿ ಖ್ಯಾತನಾಮರು ಮಾತನಾಡಿದ ಮೇಲೆ ಬೇಡಿಕೆ ಎಷ್ಟು ಏರಿತೆಂದರೆ 2022ರಲ್ಲಿ ಜೆಲ್ಲಿಗೆ ಕೊರತೆಯಾಗಿ, ಅಂಗಡಿಯಿಂದ ಅಂಗಡಿಗೆ ಅಲೆದೆವು. 2023ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಎರಡು ಚೀಟಿಗಳ ಶುಲ್ಕ ಕಟ್ಟಿದರೆ ವರ್ಷವಿಡೀ ಈ ಔಷಧಗಳು ಸಿಗುತ್ತವೆ. ನಾನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ, ನಿದ್ದೆ ಮರಳಿತು. ಮರೆವು ಹೋಗುತ್ತದೆ, ಯೌವನ ಬರುತ್ತದೆ ಎಂದೆಲ್ಲ ಗೆಳತಿಯರು ಹೇಳಿದ್ದರು; ಅದೇನೂ ಬರಲಿಲ್ಲ. ಶಿಕ್ಷಕಿಯವರಿಗೊಂದು ಕಿವಿಮಾತು: ಜೆಲ್ ಹಚ್ಚಿದ ಮೇಲೆ ಪೂರ್ತಿ ಒಣಗುವ ತನಕ ರವಿಕೆ ತೊಡಬೇಡಿ, ಆ ತೋಳಿಗೆ ಮಕ್ಕಳನ್ನು ಆನಿಸಿಕೊಳ್ಳಬೇಡಿ, ಕೈ ತೊಳೆದುಕೊಳ್ಳಿ.

ಹಾಸನದ ಶಿಕ್ಷಕಿ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮ್ಯಾಮೊಗ್ರಾಂ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಿದೆ. ನಮ್ಮ ಮನೆತನದಲ್ಲಿ ಸ್ತನ ಕ್ಯಾನ್ಸರ್ ಇಲ್ಲ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಹಾಳೆಯ ಮೇಲೆ 30 ಮತ್ತು 38 ಬರೆದು ತೋರಿಸಿದೆ, 50ರಲ್ಲಿ ಒಂದು ಎಂಬುದನ್ನೂ ಮುಚ್ಚಿಡಲಿಲ್ಲ. ಆಣೆಯನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆದರೆ "ನಿನ್ನ ಲೆಕ್ಕ ನಿನಗೆ" ಎಂದಳು. ಜೆಲ್ ಆರಂಭಿಸಿ ಐದು ವಾರಗಳಾದವು. ಹತ್ತು ಸಲ ಬರುತ್ತಿದ್ದ ಝಳ ಈಗ ಎರಡು ಸಲ ಬರುತ್ತದೆ. ರಾತ್ರಿಯ ಮಾತ್ರೆ ತೂಕಡಿಕೆ ತರುವುದು ನನ್ನ ಪಾಲಿಗೆ ವರವಾಗಿದೆ. ಮೊನ್ನೆ ಸ್ವಲ್ಪ ರಕ್ತದ ಕಲೆ ಕಂಡು ಗಾಬರಿಯಾಯಿತು.

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ಮೊದಲ ಮೂರು ತಿಂಗಳಲ್ಲಿ ಹಾಗೆ ಕಾಣಿಸಿಕೊಳ್ಳುವುದು ಸಾಮಾನ್ಯ, ಆದರೂ ನಿಮ್ಮ ವೈದ್ಯರಿಗೆ ತಿಳಿಸಿ. ಆರು ತಿಂಗಳ ನಂತರವೂ ಕಂಡರೆ, ಅಥವಾ ಪೂರ್ತಿ ನಿಂತು ಮತ್ತೆ ಶುರುವಾದರೆ, ಗರ್ಭಕೋಶದ ಒಳಪದರವನ್ನು ಸ್ಕ್ಯಾನ್ ಮಾಡಿಸಿ ನೋಡಲೇಬೇಕು.

ಕಲಬುರಗಿ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ

ಡಾಕ್ಟರಮ್ಮ, ನನಗೂ ಜೆಲ್ ಬರೆದುಕೊಟ್ಟರು. ಗರ್ಭಚೀಲ ಇಲ್ಲದ ಕಾರಣ ಎರಡನೆಯ ಮಾತ್ರೆ ಬೇಡವೆಂದರು. ಈಗ ನನ್ನದಲ್ಲದ ಒಂದು ಪ್ರಶ್ನೆ. ನಮ್ಮ ತಾಂಡಾದಲ್ಲಿ ನನ್ನಂತೆಯೇ ಆಪರೇಷನ್ ಆದ ಹನ್ನೊಂದು ಜನರಿಗೆ ಕಾರ್ಡು ಹುಡುಕಲು ಹೇಳಿದೆ. ನಾಲ್ವರಲ್ಲಿ ಸಿಕ್ಕವು, ಅವುಗಳಲ್ಲಿ ಮೂರರಲ್ಲಿ ಬಿ.ಎಸ್.ಓ. ಇದೆ. ಉಳಿದ ಏಳು ಜನರ ಕಾರ್ಡು ಮಳೆಗೆ ನೆನೆದೋ, ಗುಳೆ ಹೋದಾಗಲೋ ಕಳೆದುಹೋಗಿವೆ. ಅವರಿಗೆ ಅಂಡಾಶಯ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ನಿವೃತ್ತ ಸ್ತ್ರೀರೋಗ ವೈದ್ಯೆ, ಧಾರವಾಡ

ಮುಟ್ಟಿನ ಗುರುತು ಇಲ್ಲದ ಇಂಥವರಲ್ಲಿ ಎಫ್.ಎಸ್.ಎಚ್. (ಅಂಡಾಶಯಕ್ಕೆ ಕೆಲಸ ಮಾಡೆಂದು ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನು) ಮತ್ತು ಎಸ್ಟ್ರಾಡಿಯಾಲ್ ರಕ್ತ ಪರೀಕ್ಷೆಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ಎಫ್.ಎಸ್.ಎಚ್. ತೀರ ಹೆಚ್ಚಾಗಿದ್ದು ಎಸ್ಟ್ರಾಡಿಯಾಲ್ ತೀರ ಕಡಿಮೆಯಿದ್ದರೆ ಅಂಡಾಶಯ ಇಲ್ಲ, ಇಲ್ಲವೇ ಇದ್ದೂ ಕೆಲಸ ಮಾಡುತ್ತಿಲ್ಲ. ಗರ್ಭಕೋಶ ತೆಗೆದವರಲ್ಲಿ ಅಂಡಾಶಯ ಉಳಿದಿದ್ದರೂ ಅದು ಬೇಗ ಸೊರಗುವ ಸಂಭವವಿರುವುದರಿಂದ, ಕಾರ್ಡಿನಲ್ಲಿ ಬಿ.ಎಸ್.ಓ. ಇಲ್ಲದ ಆ ನಾಲ್ಕನೆಯವರಿಗೂ ಝಳ, ಉರಿ ಇದ್ದರೆ ಪರೀಕ್ಷೆ ಮಾಡಿಸಿ. ಏಳು ಜನರ ಈಗಿನ ವಯಸ್ಸು, ಆಪರೇಷನ್ನಾದ ವರ್ಷ, ಮೂಳೆ ಮುರಿದದ್ದುಂಟೇ ಎಂಬುದನ್ನು ಒಂದೊಂದು ಸಾಲಿನಲ್ಲಿ, ಹೆಸರು ಹಾಕದೆ, ಇಲ್ಲಿ ಬರೆಯಿರಿ. ಯಾರನ್ನು ಮೊದಲು ಕರೆದೊಯ್ಯಬೇಕು ಎಂದು ನೋಡಿ ಹೇಳುತ್ತೇನೆ.